ಗಲ್ಲಿಗೇರಿದ ಗುರು: ಲಿಬಿಯಾದ ಉಮರ್ ಮುಖ್ತಾರ್

ಲಿಬಿಯಾ ಎಂದೊಡನೆ ಹೆಚ್ಚಿನವರ ಮನಸ್ಸಿಗೆ ಬರುವುದು ಮೂರೇ ಸಂಗತಿ: ಮರಳು, ತೈಲ ಮತ್ತು ಗದ್ದಾಫಿ. ತೈಲದ ದೊಡ್ಡ ನಿಕ್ಷೇಪ ಪತ್ತೆಯಾದದ್ದು 1959ರಲ್ಲಿ. ಗದ್ದಾಫಿ ಅಧಿಕಾರ ಹಿಡಿದದ್ದು 1969ರಲ್ಲಿ, ಹತನಾದದ್ದು 2011ರಲ್ಲಿ. ಇವೆರಡಕ್ಕೂ ಮುಂಚೆ ಅಲ್ಲಿದ್ದುದು ಬರಿಯ ಮರಳು ಎಂದು ಭಾವಿಸಿದರೆ ಒಂದು ದೊಡ್ಡ ಕಥೆಯೇ ಕೈತಪ್ಪಿಹೋಗುತ್ತದೆ. ಮಕ್ಕಳಿಗೆ ಕುರಾನ್ ಪಾಠ ಹೇಳುತ್ತ, ಬುಡಕಟ್ಟುಗಳ ಜಗಳ ಬಿಡಿಸುತ್ತ ಬದುಕಿದ್ದ ಒಬ್ಬ ಅಧ್ಯಾಪಕ ಐವತ್ತರ ಆಸುಪಾಸಿನಲ್ಲಿ ಇಟಲಿಯ ಸೇನೆಯನ್ನು ಎದುರಿಸಲು ಕುದುರೆಯೇರಿದ. ಇಪ್ಪತ್ತು ವರ್ಷ ಅದರಿಂದ ಇಳಿಯಲಿಲ್ಲ. ಆತನೇ ಉಮರ್ ಮುಖ್ತಾರ್. ಲಿಬಿಯಾದ ಹತ್ತು ದಿನಾರ್ ನೋಟಿನ ಮೇಲೆ ದಶಕಗಳಿಂದ ಅಚ್ಚಾಗುತ್ತ ಬಂದಿರುವ ಬಿಳಿಗಡ್ಡದ ಮುಖ ಆತನದೇ.

ಆತನ ಬದುಕು ಅರ್ಥವಾಗಬೇಕಾದರೆ ಮೊದಲು ಆತ ಹುಟ್ಟಿದ ನೆಲ ಅರ್ಥವಾಗಬೇಕು. ಲಿಬಿಯಾದ ವಿಸ್ತೀರ್ಣ ಸುಮಾರು 17.6 ಲಕ್ಷ ಚದರ ಕಿಲೋಮೀಟರ್. ಅಂದರೆ ಭಾರತದ ಅರ್ಧಕ್ಕಿಂತ ಹೆಚ್ಚು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಶ್ಚಿಮಕ್ಕೆ ತ್ರಿಪೋಲಿ ಸೀಮೆ, ನೈರುತ್ಯಕ್ಕೆ ಫೆಜಾನ್, ಪೂರ್ವಕ್ಕೆ ಸಿರೆನೈಕಾ. ಅರಬ್ಬಿಯಲ್ಲಿ ಅದನ್ನು ಬರ್ಕಾ ಎನ್ನುತ್ತಾರೆ. ತ್ರಿಪೋಲಿಗೂ ಬರ್ಕಾಕ್ಕೂ ನಡುವೆ ಸಿರ್ತ್‌ನ ಮರುಭೂಮಿ ಸಮುದ್ರದ ಅಂಚಿನವರೆಗೂ ಚಾಚಿಕೊಂಡಿದೆ. ಹೀಗಾಗಿ ಇವೆರಡು ಸೀಮೆಗಳ ಇತಿಹಾಸವೂ ಬಹುಕಾಲ ಬೇರೆಬೇರೆಯಾಗಿಯೇ ನಡೆಯಿತು.

ಬರ್ಕಾದ ಹೃದಯಭಾಗ ಜಬಲ್ ಅಖ್ದರ್, ಅಂದರೆ ಹಸಿರು ಬೆಟ್ಟ. ಸಮುದ್ರತೀರದಿಂದ ಮೆಟ್ಟಿಲುಮೆಟ್ಟಿಲಾಗಿ ಏರುವ ಈ ಪ್ರಸ್ಥಭೂಮಿಯ ನೆತ್ತಿ 800 ಮೀಟರಿಗೂ ಎತ್ತರದಲ್ಲಿದೆ. ಚಳಿಗಾಲದಲ್ಲಿ ಮಳೆ ಬೀಳುತ್ತದೆ, ಕೆಮ್ಮಣ್ಣಿನಲ್ಲಿ ಜುನಿಪರ್ ಗಿಡಗಳು ದಟ್ಟವಾಗಿ ಬೆಳೆಯುತ್ತವೆ. ಸುಣ್ಣಕಲ್ಲಿನ ಆಳವಾದ ಕಣಿವೆಗಳು, ಅವುಗಳ ಗೋಡೆಯಲ್ಲಿ ಗುಹೆಗಳು. ಪ್ರಾಚೀನ ಗ್ರೀಕರು ಇಲ್ಲಿಗೆ ಬಂದು ಸಿರೀನ್ ನಗರವನ್ನು ಕಟ್ಟಿದ್ದು ಈ ಮಳೆಯ ಆಸೆಗೇ. ಬೆಟ್ಟದಿಂದ ದಕ್ಷಿಣಕ್ಕೆ ಇಳಿದಂತೆ ಹುಲ್ಲು ತೆಳುವಾಗುತ್ತದೆ. ಆಮೇಲೆ ಕುರುಚಲು, ಕಲ್ಲು, ಕೊನೆಗೆ ಮರಳಿನ ಕಡಲು. ಕುಫ್ರಾ ಓಯಸಿಸ್ ತಲುಪಬೇಕಾದರೆ ಬೆಂಗಾಜಿಯಿಂದ 900 ಕಿಲೋಮೀಟರಿಗೂ ಹೆಚ್ಚು ಸಾಗಬೇಕು.

ಇಲ್ಲಿನ ಬೆದೂಯಿನ್ ಜನರ ವರ್ಷ ಮಳೆಯೊಂದಿಗೆ ಆರಂಭವಾಗುತ್ತಿತ್ತು. ಮೊದಲ ಮಳೆಗೆ ಬಾರ್ಲಿ ಬಿತ್ತಿ, ಕುರಿ-ಒಂಟೆಗಳನ್ನು ಹೊಡೆದುಕೊಂಡು ದಕ್ಷಿಣದ ಹುಲ್ಲುಗಾವಲಿಗೆ ಹೋಗುವುದು. ಬೇಸಿಗೆ ಬಂತೆಂದರೆ ಬಾವಿಗಳಿರುವ ಬೆಟ್ಟಕ್ಕೆ ಮರಳುವುದು. ಆಡಿನ ಕೂದಲಿನಿಂದ ನೇಯ್ದ ಕರಿಯ ಡೇರೆ, ಮೈಸುತ್ತಲು ಬಿಳಿಯ ಉಣ್ಣೆಯ ಹೊದಿಕೆ, ಅತಿಥಿ ಬಂದರೆ ಮೂರು ಸುತ್ತು ಚಹಾ. ಪ್ರತಿಯೊಂದು ಬಾವಿಗೂ ಪ್ರತಿಯೊಂದು ಉಳುವ ನೆಲಕ್ಕೂ ಒಂದೊಂದು ಬುಡಕಟ್ಟಿನ ಹಕ್ಕಿತ್ತು. ಆ ಹಕ್ಕಿಗಾಗಿ ಜಗಳಗಳೂ ಇದ್ದವು.

ಆ ಜಗಳಗಳ ನಡುವೆ ಬಂದು ನಿಂತದ್ದು ಸನೂಸಿ ಪಂಥ. ಆಲ್ಜೀರಿಯಾದ ಮೊಸ್ತಗನೆಮ್‌ನಲ್ಲಿ ಹುಟ್ಟಿದ ಮುಹಮ್ಮದ್ ಬಿನ್ ಅಲಿ ಅಲ್-ಸನೂಸಿ ಎಂಬ ವಿದ್ವಾಂಸ 1843ರಲ್ಲಿ ಹಸಿರು ಬೆಟ್ಟದ ಬೈದಾದಲ್ಲಿ ಒಂದು ಜಾವಿಯಾ ಕಟ್ಟಿಸಿದ. ಜಾವಿಯಾ ಎಂದರೆ ಒಂದು ರೀತಿಯಲ್ಲಿ ಮಠ. ಅದರಲ್ಲಿ ಶಾಲೆಯಿತ್ತು, ಮಸೀದಿಯಿತ್ತು, ಧರ್ಮಛತ್ರವಿತ್ತು, ಧಾನ್ಯದ ಕಣಜವಿತ್ತು. ನ್ಯಾಯ ತೀರ್ಮಾನವೂ ಅಲ್ಲೇ ಆಗುತ್ತಿತ್ತು. ಸಾಮಾನ್ಯವಾಗಿ ಎರಡು ಬುಡಕಟ್ಟುಗಳ ಗಡಿಯಲ್ಲೋ ಒಂಟೆ ಸಾರ್ಥಗಳು ಹಾದುಹೋಗುವ ದಾರಿಯಲ್ಲೋ ಇವುಗಳನ್ನು ಕಟ್ಟುತ್ತಿದ್ದರು ಎಂಬುದು ಗಮನಾರ್ಹ. ಅರ್ಧ ಶತಮಾನ ಕಳೆಯುವುದರೊಳಗೆ ಬರ್ಕಾದಿಂದ ಚಾಡ್‌ವರೆಗೆ ಜಾವಿಯಾಗಳ ಸರಪಳಿಯೇ ಬೆಳೆಯಿತು. ಬೆಂಗಾಜಿಯಲ್ಲಿ ತುರ್ಕಿ ಅಧಿಕಾರಿಗಳಿದ್ದರು, ನಿಜ. ಆದರೆ ಊರಾಚೆ ನಡೆಯುತ್ತಿದ್ದುದು ಸನೂಸಿಗಳ ಮಾತು.

ಅನಾಥ ಬಾಲಕನ ಓದು

ಉಮರ್ ಮುಖ್ತಾರ್ ಹುಟ್ಟಿದ್ದು ತೋಬ್ರೂಕ್ ಸಮೀಪದ ಜಂಜೂರ್‌ನಲ್ಲಿ. ವರ್ಷ 1858 ಎಂದು ಕೆಲವರು, 1862 ಎಂದು ಕೆಲವರು ಹೇಳುತ್ತಾರೆ. ಮನೀಫಾ ಎಂಬ ಬುಡಕಟ್ಟು ಆತನದು. ಅದು ಬರ್ಕಾದ ಭೂಮಾಲೀಕ ಬುಡಕಟ್ಟುಗಳ ಸಾಲಿಗೆ ಸೇರಿದ್ದಲ್ಲ. ತಂದೆ ಹಜ್ ಯಾತ್ರೆಗೆಂದು ಹೊರಟವನು ಹಿಂದಿರುಗಲಿಲ್ಲ, ದಾರಿಯಲ್ಲೇ ತೀರಿಕೊಂಡ. ಬಾಲಕನ ಹೊಣೆ ಊರಿನ ಧರ್ಮಗುರುವಿನ ಕುಟುಂಬಕ್ಕೆ ಬಂತು. ಮೊದಲು ಹಳ್ಳಿಯ ಜಾವಿಯಾದಲ್ಲಿ ಅಕ್ಷರಾಭ್ಯಾಸ. ಅಲ್ಲಿಂದ ಮುಂದೆ ಜಗ್ಬೂಬ್.

ಈಜಿಪ್ಟಿನ ಗಡಿಗೆ ಹತ್ತಿರದಲ್ಲಿ, ಮರಳಿನ ಕಡಲಿನ ಅಂಚಿಗೆ ಇರುವ ಸಣ್ಣ ಓಯಸಿಸ್ ಜಗ್ಬೂಬ್. ನೀರು ಉಪ್ಪು, ನೆಲ ಬಂಜರು. ಅಂಥ ಜಾಗದಲ್ಲಿ ಸನೂಸಿಗಳು ಒಂದು ವಿಶ್ವವಿದ್ಯಾಲಯವನ್ನೇ ಕಟ್ಟಿದ್ದರು. ಅಲ್ಲಿನ ಗ್ರಂಥಾಲಯದಲ್ಲಿ ಸುಮಾರು 8 ಸಾವಿರ ಸಂಪುಟಗಳಿದ್ದವು. ವಿದ್ಯಾರ್ಥಿಗಳು ಧರ್ಮಶಾಸ್ತ್ರ ಕಲಿಯಬೇಕು. ಜೊತೆಗೆ ಬಡಗಿ ಕೆಲಸ, ತೋಟದ ಕೆಲಸ, ಕುದುರೆ ಸವಾರಿಯನ್ನೂ ಕಲಿಯಬೇಕು. ಮುಖ್ತಾರ್ ಇಲ್ಲಿ ಎಂಟು ವರ್ಷ ಇದ್ದ. ಪಂಥದ ಎರಡನೆಯ ಗುರು ಮುಹಮ್ಮದ್ ಅಲ್-ಮಹ್ದಿಯ ಕಣ್ಣಿಗೆ ಬಿದ್ದ.

ಆ ಕಾಲದ ಬಗ್ಗೆ ಲಿಬಿಯಾದಲ್ಲಿ ಒಂದು ಕಥೆ ಪ್ರಚಲಿತದಲ್ಲಿದೆ. ಸುಡಾನ್ ಕಡೆಗೆ ಹೊರಟಿದ್ದ ಸಾರ್ಥದಲ್ಲಿ ಮುಖ್ತಾರನೂ ಇದ್ದ. ದಾರಿಯಲ್ಲಿ ಸಿಂಹವೊಂದರ ಕಾಟ. ಅದಕ್ಕೊಂದು ಒಂಟೆ ಬಲಿ ಕೊಟ್ಟು ಮುಂದೆ ಸಾಗೋಣ ಎಂದು ವ್ಯಾಪಾರಿಗಳು ನಿರ್ಧರಿಸಿದರು. ಮುಖ್ತಾರ್ ಒಪ್ಪಲಿಲ್ಲ, ಒಬ್ಬನೇ ಕುದುರೆಯೇರಿ ಹೋಗಿ ಸಿಂಹವನ್ನು ಕೊಂದುಬಂದನಂತೆ. ಮುಂದೆ ಆತನಿಗೆ ಅಂಟಿಕೊಂಡ ಮರುಭೂಮಿಯ ಸಿಂಹ ಎಂಬ ಬಿರುದಿನೊಂದಿಗೆ ಈ ಕಥೆ ಚೆನ್ನಾಗಿಯೇ ಹೊಂದಿಕೊಂಡಿದೆ. ಆದರೆ ಆತನ ಬದುಕಿನ ಬಹುಭಾಗ ಸಿಂಹದಂತಿರಲಿಲ್ಲ, ಶಾಲಾ ಮೇಷ್ಟ್ರಂತೆ ಇತ್ತು. 1897ರಲ್ಲಿ ಆತನನ್ನು ಹಸಿರು ಬೆಟ್ಟದ ಅಲ್-ಕಸೂರ್ ಜಾವಿಯಾದ ಮುಖ್ಯಸ್ಥನನ್ನಾಗಿ ಕಳುಹಿಸಲಾಯಿತು. ಸುತ್ತಮುತ್ತಲಿನವರು ಅಬೀದ್ ಬುಡಕಟ್ಟಿನವರು. ಯಾರ ಮಾತಿಗೂ ಸುಲಭವಾಗಿ ಬಗ್ಗದವರು ಎಂದು ಹೆಸರಾದ ಜನ. ಅವರ ನಡುವೆ ನೆಲದ ವ್ಯಾಜ್ಯ, ಕೊಲೆಯ ಪರಿಹಾರ, ಮದುವೆಯ ತಕರಾರು, ಎಲ್ಲವೂ ಈತನ ಮುಂದೆ ಬರತೊಡಗಿದವು. ಯಾವ ಬಾವಿ ಯಾರದು, ಯಾರಿಗೆ ಯಾರ ಮೇಲೆ ಸೇಡಿದೆ, ಯಾವ ಕಣಿವೆಯಿಂದ ಯಾವ ಕಣಿವೆಗೆ ದಾರಿಯಿದೆ ಎಂಬುದೆಲ್ಲ ಆತನಿಗೆ ಕರತಲಾಮಲಕವಾದದ್ದು ಹೀಗೆ.

ನಡುವೆ ಕೆಲಕಾಲ ಆತ ಅಲ್-ಮಹ್ದಿಯ ಜೊತೆ ದಕ್ಷಿಣಕ್ಕೆ ಹೋಗಿದ್ದ. ಚಾಡ್ ಸೀಮೆಗೆ ನುಗ್ಗುತ್ತಿದ್ದ ಫ್ರೆಂಚರ ವಿರುದ್ಧದ ಹೋರಾಟದಲ್ಲಿ ಪಾಲ್ಗೊಂಡ. 1902ರಲ್ಲಿ ಗುರು ತೀರಿಕೊಂಡ ಬಳಿಕ ಮತ್ತೆ ಅಲ್-ಕಸೂರ್‌ಗೆ, ಪಾಠ ಪ್ರವಚನಕ್ಕೆ ಮರಳಿದ.

ಹಗಲಿಗೊಂದು, ಇರುಳಿಗೊಂದು ಸರ್ಕಾರ

1911ರ ಸೆಪ್ಟೆಂಬರ್ 29ರಂದು ಇಟಲಿ ತುರ್ಕಿಯ ಮೇಲೆ ಯುದ್ಧ ಸಾರಿತು. ಉಳಿದ ಐರೋಪ್ಯ ದೇಶಗಳೆಲ್ಲ ಆಫ್ರಿಕಾವನ್ನು ಹಂಚಿಕೊಂಡಾಗಿತ್ತು; ತಡವಾಗಿ ಊಟಕ್ಕೆ ಕುಳಿತ ಇಟಲಿಯ ಎಲೆಗೆ ಉಳಿದದ್ದು ಲಿಬಿಯಾ. ಅದೇ ವರ್ಷ ನವೆಂಬರ್ 1ರಂದು ಜೂಲಿಯೊ ಗವೋತ್ತಿ ಎಂಬ ಇಟಲಿಯ ಪೈಲಟ್ ವಿಮಾನದಿಂದ ತ್ರಿಪೋಲಿಯ ಹೊರವಲಯದ ಮೇಲೆ ಕೈಯಾರೆ ಸಣ್ಣ ಬಾಂಬುಗಳನ್ನು ಎಸೆದ. ವಿಮಾನದಿಂದ ಬಾಂಬು ಹಾಕಿದ ಜಗತ್ತಿನ ಮೊದಲ ಘಟನೆ ಇದು! ಒಂದು ವರ್ಷ ಕಳೆಯುವಷ್ಟರಲ್ಲಿ ತುರ್ಕಿ ಒಪ್ಪಂದಕ್ಕೆ ಸಹಿ ಹಾಕಿ ಹಿಂದೆ ಸರಿಯಿತು. ಬೆದೂಯಿನ್ನರು ಸರಿಯಲಿಲ್ಲ.

ಯುದ್ಧದ ಸುದ್ದಿ ತಿಳಿದೊಡನೆ ಮುಖ್ತಾರ್ ತನ್ನ ಸೀಮೆಯ ಜನರನ್ನು ಕೂಡಿಸಿಕೊಂಡು ಬೆಂಗಾಜಿಯ ಕಡೆಗೆ ನಡೆದ. ಮುಂದಿನ ಹತ್ತು ವರ್ಷ ಯುದ್ಧ, ಕದನವಿರಾಮ, ಸಂಧಾನಗಳು ಒಂದರ ಹಿಂದೊಂದು ಬಂದವು. ಪಂಥದ ನಾಯಕತ್ವ ಸಯ್ಯಿದ್ ಇದ್ರೀಸ್ ಕೈಗೆ ಬಂದಿತ್ತು. 1920ರ ಒಪ್ಪಂದದಲ್ಲಿ ಇಟಲಿ ಆತನನ್ನು ಒಳನಾಡಿನ ಓಯಸಿಸ್‌ಗಳ ಅಮೀರನೆಂದು ಮಾನ್ಯ ಮಾಡಿತು. ಆದರೆ 1922ರ ಅಕ್ಟೋಬರಿನಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದ. ಒಪ್ಪಂದಗಳ ಕಾಲ ಮುಗಿಯಿತು. ಇದ್ರೀಸ್ ಆ ವರ್ಷದ ಕೊನೆಗೆ ಈಜಿಪ್ಟಿಗೆ ಹೊರಟುಹೋದ.

ಉಳಿದವನು ಮುಖ್ತಾರ್. ಆಗ ಆತನಿಗೆ ಅರವತ್ತು ದಾಟಿತ್ತು. 1923ರಲ್ಲಿ ಈಜಿಪ್ಟಿಗೆ ಹೋಗಿ ಇದ್ರೀಸ್‌ನನ್ನು ಕಂಡ. ಅಲ್ಲಿಯೇ ನೆಮ್ಮದಿಯಾಗಿ ಇದ್ದುಬಿಡಲು, ಇಟಲಿಯಿಂದ ಪಿಂಚಣಿ ಪಡೆಯಲು ಆಮಿಷಗಳು ಬಂದವು. ಯಾವುದನ್ನೂ ಒಪ್ಪದೆ ಹಸಿರು ಬೆಟ್ಟಕ್ಕೆ ಹಿಂದಿರುಗಿದ. ಗಡಿ ದಾಟುತ್ತಿದ್ದಂತೆಯೇ ಇಟಲಿಯ ಶಸ್ತ್ರಸಜ್ಜಿತ ವಾಹನಗಳು ಎದುರಾದವು. ಆತನ ಪಡೆ ಅವುಗಳನ್ನು ಹಿಮ್ಮೆಟ್ಟಿಸಿ ದಾರಿ ಮಾಡಿಕೊಂಡಿತು.

ಆತನ ಯುದ್ಧವ್ಯವಸ್ಥೆಯ ರಹಸ್ಯ ಇದ್ದುದು ಆಯುಧಗಳಲ್ಲಲ್ಲ. ಬುಡಕಟ್ಟುಗಳ ಆಧಾರದ ಮೇಲೆ ಪಡೆಗಳನ್ನು ಕಟ್ಟಿದ. ಪ್ರತಿ ಬುಡಕಟ್ಟೂ ಇಂತಿಷ್ಟು ಜನರನ್ನು, ಕುದುರೆಗಳನ್ನು, ಧಾನ್ಯವನ್ನು ಕೊಡಬೇಕು. ಒಬ್ಬ ಸತ್ತರೆ ಅವನ ಜಾಗಕ್ಕೆ ಅದೇ ಬಳಗದ ಇನ್ನೊಬ್ಬ ಬರಬೇಕು. ಒಂದು ಕಾಲಕ್ಕೆ ಕಣದಲ್ಲಿರುತ್ತಿದ್ದವರು ಕೆಲವು ಸಾವಿರ ಮಂದಿ ಮಾತ್ರ. ಇಟಲಿಯ ಕೋಟೆಗಳ ನೆರಳಿನಲ್ಲೇ ಶರಣಾಗತರೆಂದು ಹೆಸರು ಬರೆಸಿ ಬದುಕುತ್ತಿದ್ದ ಡೇರೆಗಳಿಂದ ಇವರಿಗೆ ಬಾರ್ಲಿ, ಗುಂಡು, ಸುದ್ದಿ ಹೋಗುತ್ತಿತ್ತು. ಹಗಲು ಇಟಲಿಯ ಆಡಳಿತ, ರಾತ್ರಿ ಮುಖ್ತಾರನ ಆಡಳಿತ. ಆತ ತೆರಿಗೆ ವಸೂಲು ಮಾಡುತ್ತಿದ್ದ, ಅದಕ್ಕೆ ರಸೀದಿಯನ್ನೂ ಕೊಡುತ್ತಿದ್ದ! ಎರಡನೆಯ ಮಹಾಯುದ್ಧದ ವೇಳೆ ಬ್ರಿಟಿಷ್ ಆಡಳಿತದ ಅಧಿಕಾರಿಯಾಗಿ ಬರ್ಕಾದಲ್ಲಿದ್ದ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1949ರಲ್ಲಿ ಸನೂಸಿಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸವಿವರವಾಗಿ ದಾಖಲಿಸಿದ್ದಾನೆ. ಹೋರಾಡಿದವರು, ಶರಣಾದವರು ಎಂಬ ಎರಡು ಗುಂಪುಗಳೇ ವಾಸ್ತವವಾಗಿ ಇರಲಿಲ್ಲ ಎಂಬುದು ಆತನ ನಿಲುವು.

1929ರಲ್ಲಿ ಹೊಸ ಗವರ್ನರ್ ಬದೋಲ್ಯೊ ಮಾತುಕತೆಗೆ ಕರೆದ. ಜೂನ್‌ನಲ್ಲಿ ಸೀದಿ ರಹೂಮಾ ಎಂಬಲ್ಲಿ ಇಬ್ಬರೂ ಭೇಟಿಯಾದರು. ಬಂಡುಕೋರ ಶರಣಾದನೆಂದು ಇಟಲಿ ಪ್ರಚಾರ ಮಾಡಿತು. ಮುಖ್ತಾರ್ ಅದನ್ನು ನಿರಾಕರಿಸಿ ಈಜಿಪ್ಟಿನ ಪತ್ರಿಕೆಗಳ ಮೂಲಕ ತನ್ನ ಷರತ್ತುಗಳನ್ನು ಬಹಿರಂಗಪಡಿಸಿದ. ವರ್ಷ ಮುಗಿಯುವ ಮುನ್ನವೇ ಮತ್ತೆ ಗುಂಡಿನ ಸದ್ದು ಕೇಳಿಬಂತು.

ನೀರಿನಿಂದ ಮೀನನ್ನು ಬೇರ್ಪಡಿಸಿದಂತೆ

1930ರಲ್ಲಿ ರೊಡಾಲ್ಫೊ ಗ್ರಾಜಿಯಾನಿ ಬರ್ಕಾದ ಉಪ ಗವರ್ನರ್ ಆಗಿ ಬಂದ. ಮುಖ್ತಾರನನ್ನು ಬೆಟ್ಟದಲ್ಲಿ ಬೆನ್ನಟ್ಟುವುದು ವ್ಯರ್ಥ ಎಂಬುದು ಇಟಲಿಯವರಿಗೆ ಅಷ್ಟರಲ್ಲಿ ಮನವರಿಕೆಯಾಗಿತ್ತು. ಹೋರಾಟಗಾರರಿಗೂ ಜನರಿಗೂ ನಡುವಿನ ಕೊಂಡಿಯನ್ನೇ ಕತ್ತರಿಸಬೇಕು, ಅದಕ್ಕಾಗಿ ಬರ್ಕಾದ ಇಡೀ ಜನಸಮುದಾಯ ನಾಶವಾಗುವುದಾದರೂ ಸರಿ ಎಂದು ಬದೋಲ್ಯೊ ಆ ವರ್ಷ ಜೂನ್ 20ರಂದು ಗ್ರಾಜಿಯಾನಿಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿ ತಿಳಿಸಿದ. ಆ ಪತ್ರ ಇಂದಿಗೂ ಇತಿಹಾಸಕಾರರ ಕೈಯಲ್ಲಿದೆ.

ಮೊದಲು ಜಾವಿಯಾಗಳನ್ನು ಮುಚ್ಚಿಸಿ ಅವುಗಳ ಜಮೀನು ಮುಟ್ಟುಗೋಲು ಹಾಕಲಾಯಿತು. ಗುರುಗಳನ್ನು ಇಟಲಿಯ ದ್ವೀಪವೊಂದಕ್ಕೆ ಗಡೀಪಾರು ಮಾಡಲಾಯಿತು. ಆನಂತರ ಹಸಿರು ಬೆಟ್ಟ ಮತ್ತು ಅದರ ಪೂರ್ವದ ಸೀಮೆಯಿಂದ ಸುಮಾರು 1 ಲಕ್ಷ ಜನರನ್ನು ಎಬ್ಬಿಸಲಾಯಿತು. ಬರ್ಕಾದ ಒಟ್ಟು ಜನಸಂಖ್ಯೆಯಲ್ಲಿ ಇದು ಹೆಚ್ಚುಕಡಿಮೆ ಅರ್ಧ. ಹೆಂಗಸರು, ಮಕ್ಕಳು, ಮುದುಕರು, ಜಾನುವಾರು ಎಲ್ಲರೂ ಕಾಲ್ನಡಿಗೆಯಲ್ಲಿ ನೂರಾರು ಕಿಲೋಮೀಟರ್ ಸಾಗಬೇಕಾಯಿತು. ಹಿಂದುಳಿದವರ ಗತಿ ದಾರಿಯಲ್ಲೇ ಮುಗಿಯಿತು. ಅಗೀಲಾ, ಬ್ರೇಗಾ, ಮಗ್ರೂನ್, ಸುಲೂಕ್... ಬಟ್ಟಬಯಲಿನಲ್ಲಿ ಮುಳ್ಳುತಂತಿಯ ಹಿಂದೆ ಡೇರೆಗಳ ಸಾಲು. ಮಳೆಯ ಹಿಂದೆ ಹೋಗುತ್ತಿದ್ದ ಜನ ಒಂದೇ ಕಡೆ ಕಟ್ಟಿಹಾಕಲ್ಪಟ್ಟರು. ಮೇವಿಲ್ಲದೆ ಕುರಿ-ಒಂಟೆಗಳು ಸತ್ತವು. ಅವು ಸತ್ತ ಮೇಲೆ ಹಸಿವು, ಹಸಿವಿನ ಬೆನ್ನಿಗೆ ಟೈಫಸ್ ಬಂತು. ಈ ಶಿಬಿರಗಳಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಎಂದು ಹಲವು ಇತಿಹಾಸಕಾರರು ಅಂದಾಜಿಸುತ್ತಾರೆ. ಮುಖ್ತಾರನದೇ ಬುಡಕಟ್ಟಿನ ಕವಿ ರಜಬ್ ಬುಹ್ವೈಶ್ ಅಗೀಲಾ ಶಿಬಿರದಲ್ಲಿ ಬಂದಿಯಾಗಿದ್ದ. ಅಲ್ಲಿನ ಬದುಕಿನ ಬಗ್ಗೆ ಆತ ಕಟ್ಟಿದ ದೀರ್ಘ ಕವನ ಬಾಯಿಂದ ಬಾಯಿಗೆ ಹರಿದು ಉಳಿದುಕೊಂಡಿದೆ. ಇಟಲಿಯ ಕಡತಗಳು ಹೇಳದ ಎಷ್ಟೋ ಸಂಗತಿಗಳನ್ನು ಲಿಬಿಯಾದವರು ಬಹುಕಾಲ ನೆನಪಿಟ್ಟುಕೊಂಡದ್ದು ಆ ಒಂದು ಕವನದಿಂದಲೇ.

ಬೆಟ್ಟ ಖಾಲಿಯಾಯಿತು. 1930ರ ಜುಲೈ 31ರಂದು ತಾಜರ್ಬೊ ಓಯಸಿಸ್ ಮೇಲೆ ಮಸ್ಟರ್ಡ್ ಅನಿಲದ ಬಾಂಬುಗಳು ಬಿದ್ದವು. 1931ರ ಜನವರಿಯಲ್ಲಿ ಸನೂಸಿಗಳ ಕೊನೆಯ ಕೇಂದ್ರ ಕುಫ್ರಾ ಬಿತ್ತು; ಅಲ್ಲಿಂದ ಓಡಿದ ಕುಟುಂಬಗಳಲ್ಲಿ ಹಲವು ನೀರಿಲ್ಲದೆ ಮರಳಿನಲ್ಲೇ ಪ್ರಾಣ ಬಿಟ್ಟವು. ಈಜಿಪ್ಟಿನಿಂದ ಬರುತ್ತಿದ್ದ ಸಾಮಗ್ರಿ ತಡೆಯಲು ಅದೇ ವರ್ಷ ಸಮುದ್ರತೀರದ ಬರ್ದಿಯಾದಿಂದ ಜಗ್ಬೂಬ್‌ವರೆಗೆ ಸುಮಾರು 270 ಕಿಲೋಮೀಟರ್ ಉದ್ದದ ಮುಳ್ಳುತಂತಿಯ ಬೇಲಿ ಎದ್ದಿತು. ಐದಾರು ತಿಂಗಳಲ್ಲಿ ಮುಗಿದ ಕೆಲಸ ಅದು.

ಹಿಂದಿನ ವರ್ಷದ ಕದನವೊಂದರಲ್ಲಿ ಮುಖ್ತಾರನ ಕನ್ನಡಕ ಇಟಲಿಯವರಿಗೆ ಸಿಕ್ಕಿತ್ತು. ಕನ್ನಡಕ ಸಿಕ್ಕಿದೆ, ಮುಂದೆ ತಲೆಯೂ ಸಿಗಲಿದೆ ಎಂದು ಗ್ರಾಜಿಯಾನಿ ಹೇಳಿಕೊಂಡ. ಆತನ ಮಾತು ಸುಳ್ಳಾಗಲಿಲ್ಲ.

1931ರ ಸೆಪ್ಟೆಂಬರ್ 11ರಂದು ಸಲಂತಾ ಬಳಿ ಮುಖ್ತಾರ್ ಹಾಗೂ ಆತನೊಡನಿದ್ದ ಸಣ್ಣ ಗುಂಪು ಇಟಲಿಯ ಪಡೆಗಳ ಸುತ್ತುವರಿಕೆಯಲ್ಲಿ ಸಿಕ್ಕಿಬಿತ್ತು. ಕುದುರೆಗೆ ಗುಂಡು ತಗುಲಿ ಬಿತ್ತು. ಅದರೊಡನೆ ಬಿದ್ದ ವೃದ್ಧ ಮೇಲೇಳಲಾರದೆ ಸೆರೆಯಾದ. ಸಿಕ್ಕವನು ಯಾರೆಂದು ಸೈನಿಕರಿಗೆ ಮೊದಲು ತಿಳಿಯಲಿಲ್ಲ. ಇಟಲಿಯ ಅಶ್ವದಳದಲ್ಲಿದ್ದ ಸ್ಥಳೀಯನೊಬ್ಬ ಗುರುತು ಹಿಡಿದ. ಸೂಸಾ ಬಂದರಿಗೆ ಒಯ್ದು, ಅಲ್ಲಿಂದ ಯುದ್ಧನೌಕೆಯಲ್ಲಿ ಬೆಂಗಾಜಿಗೆ ಸಾಗಿಸಿದರು. ರೋಮ್‌ನಲ್ಲಿದ್ದ ಗ್ರಾಜಿಯಾನಿ ಸುದ್ದಿ ತಿಳಿದು ಧಾವಿಸಿ ಬಂದ. ಸರಪಳಿ ತೊಟ್ಟಿದ್ದ ಕೈದಿಯನ್ನು ಕಚೇರಿಗೆ ಕರೆಸಿ ಮಾತನಾಡಿಸಿದ. ಆ ಮುದುಕನ ಶಾಂತಭಾವ ತನ್ನನ್ನು ಹೇಗೆ ತಟ್ಟಿತೆಂಬುದನ್ನು ಆಮೇಲೆ ತನ್ನ ಗ್ರಂಥದಲ್ಲಿ ಬರೆದುಕೊಂಡ. ಶತ್ರುವಿನ ಲೇಖನಿಯಿಂದಲೇ ಬಂದದ್ದರಿಂದ ಆ ಪುಟಗಳಿಗೆ ವಿಶೇಷ ಬೆಲೆ ಇದೆ. ಆದರೆ ಶಿಕ್ಷೆ ಬದಲಾಗಲಿಲ್ಲ.

ಸೆಪ್ಟೆಂಬರ್ 15ರ ಸಂಜೆ ಬೆಂಗಾಜಿಯಲ್ಲಿ ನಡೆದದ್ದು ವಿಚಾರಣೆಯ ಶಾಸ್ತ್ರ ಮಾತ್ರ. ರಾಷ್ಟ್ರದ್ರೋಹದ ಆರೋಪ. ಇಟಲಿಗೆ ಎಂದೂ ಶರಣಾಗದವನು ಇಟಲಿಗೆ ದ್ರೋಹ ಬಗೆದದ್ದು ಹೇಗೆ? ಈ ಪ್ರಶ್ನೆಗೆ ನ್ಯಾಯಾಲಯದಲ್ಲಿ ಜಾಗವಿರಲಿಲ್ಲ. ಆರೋಪಿಯ ಪರ ವಾದಿಸಲು ನೇಮಕವಾಗಿದ್ದ ಕ್ಯಾಪ್ಟನ್ ರೊಬೆರ್ತೊ ಲೊಂತಾನೊ ಎಂಬ ಇಟಲಿಯ ಅಧಿಕಾರಿ ವಯಸ್ಸನ್ನೂ ಸನ್ನಿವೇಶವನ್ನೂ ಪರಿಗಣಿಸಿ ಮರಣದಂಡನೆ ಬೇಡ ಎಂದು ವಾದಿಸಿದ. ವಾದ ಅತಿಯಾಯಿತೆಂದು ಅವನಿಗೇ ಶಿಸ್ತುಕ್ರಮದ ಶಿಕ್ಷೆಯಾಯಿತು! ಮರುದಿನ, 1931ರ ಸೆಪ್ಟೆಂಬರ್ 16ರ ಬೆಳಿಗ್ಗೆ, ಸುಲೂಕ್ ಶಿಬಿರದಲ್ಲಿ ಮುಖ್ತಾರನನ್ನು ಗಲ್ಲಿಗೇರಿಸಲಾಯಿತು. ನೋಡಲೆಂದು ಶಿಬಿರಗಳಿಂದ ಸುಮಾರು 20 ಸಾವಿರ ಮಂದಿಯನ್ನು ಕರೆತಂದು ನಿಲ್ಲಿಸಲಾಗಿತ್ತು. ಆತನ ಸ್ಥಾನಕ್ಕೆ ಬಂದ ಯೂಸುಫ್ ಬು ರಹೀಲ್ ಅದೇ ಡಿಸೆಂಬರಿನಲ್ಲಿ ಹತನಾದ. 1932ರ ಜನವರಿ 24ರಂದು ಬಂಡಾಯ ಮುಗಿಯಿತೆಂದು ಬದೋಲ್ಯೊ ಘೋಷಿಸಿದ.

ಗಲ್ಲಿನ ನಂತರ

ಶಿಬಿರಗಳಿಂದ ಬದುಕಿ ಬಂದವರಿಗೆ ಬೆಟ್ಟದ ಒಳ್ಳೆಯ ನೆಲ ಸಿಗಲಿಲ್ಲ. ಅದನ್ನು ಇಟಲಿಯ ರೈತರಿಗೆ ಮೀಸಲಿಡಲಾಗಿತ್ತು. 1938ರಲ್ಲಿ ಒಂದೇ ಬಾರಿಗೆ ಸುಮಾರು 20 ಸಾವಿರ ವಲಸಿಗರು ಹಡಗುಗಳಲ್ಲಿ ಲಿಬಿಯಾಕ್ಕೆ ಬಂದಿಳಿದರು. ಎರಡನೆಯ ಮಹಾಯುದ್ಧದಲ್ಲಿ ಇಟಲಿ ಸೋತು ಹೊರಬಿದ್ದ ಮೇಲೆ 1951ರ ಡಿಸೆಂಬರ್ 24ರಂದು ಲಿಬಿಯಾ ಸ್ವತಂತ್ರವಾಯಿತು. ದೊರೆಯಾದವನು ಅದೇ ಇದ್ರೀಸ್.

ಗ್ರಾಜಿಯಾನಿಗೆ 1950ರಲ್ಲಿ ಇಟಲಿಯ ಸೇನಾ ನ್ಯಾಯಾಲಯ 19 ವರ್ಷಗಳ ಸೆರೆವಾಸ ವಿಧಿಸಿತು. ಆದರೆ ಅದು ಜರ್ಮನ್ ನಾಜಿಗಳೊಂದಿಗೆ ಕೈಜೋಡಿಸಿದ್ದಕ್ಕೆ. ಬರ್ಕಾದ ಶಿಬಿರಗಳ ಪ್ರಸ್ತಾಪ ಅಲ್ಲಿ ಬರಲಿಲ್ಲ. ಕೆಲವೇ ತಿಂಗಳಲ್ಲಿ ಆತ ಹೊರಬಂದು 1955ರಲ್ಲಿ ತೀರಿಕೊಂಡ. 2012ರಲ್ಲಿ ಇಟಲಿಯ ಅಫೀಲೆ ಎಂಬ ಊರಿನಲ್ಲಿ ಆತನ ಸ್ಮಾರಕವೂ ಎದ್ದಿತು.

ಇತ್ತ ಲಿಬಿಯಾದಲ್ಲಿ ಮುಖ್ತಾರ್ ಎಲ್ಲರ ಆಸ್ತಿಯಾದ. ರಾಜಪ್ರಭುತ್ವ ಆತನನ್ನು ತನ್ನವನೆಂದಿತು. ರಾಜನನ್ನು ಇಳಿಸಿದ ಗದ್ದಾಫಿಯೂ ತನ್ನವನೆಂದ. ಆದರೆ ಮುಖ್ತಾರನನ್ನು ರೂಪಿಸಿದ ಸನೂಸಿ ಪಂಥವನ್ನು ಗದ್ದಾಫಿ ಬದಿಗೆ ಸರಿಸಿದ. ಗುರುಪರಂಪರೆ ಕಳಚಿದ ಬರಿಯ ವೀರ ಉಳಿದ. ಲಿಬಿಯಾದ ಹಣದಿಂದ ಮುಸ್ತಫಾ ಅಕ್ಕಾದ್ ನಿರ್ದೇಶಿಸಿದ ಲಯನ್ ಆಫ್ ದಿ ಡೆಸರ್ಟ್ 1981ರಲ್ಲಿ ತೆರೆಕಂಡಿತು. ಆಂತನಿ ಕ್ವಿನ್ ಮುಖ್ತಾರನಾಗಿ, ಆಲಿವರ್ ರೀಡ್ ಗ್ರಾಜಿಯಾನಿಯಾಗಿ ನಟಿಸಿದರು. ಇಂದು ಮುಖ್ತಾರನ ಹೆಸರಿನಲ್ಲಿ ಹರಿದಾಡುವ ಮಾತುಗಳಲ್ಲಿ ಸಿನಿಮಾ ಸಂಭಾಷಣೆ ಎಷ್ಟು, ದಾಖಲೆ ಎಷ್ಟು ಎಂದು ಬಿಡಿಸಿ ನೋಡುವವರು ಕಡಿಮೆ. ಸೇನೆಯ ಗೌರವಕ್ಕೆ ಧಕ್ಕೆ ಎಂದು ಇಟಲಿ ಸರ್ಕಾರ 1982ರಲ್ಲಿ ಚಿತ್ರವನ್ನು ತಡೆಹಿಡಿಯಿತು. ಅದು ಅಲ್ಲಿನ ಟೆಲಿವಿಷನ್ನಿನಲ್ಲಿ ಪ್ರಸಾರವಾದದ್ದು 2009ರ ಜೂನ್‌ನಲ್ಲಿ, ಗದ್ದಾಫಿ ರೋಮ್‌ಗೆ ಬಂದಿದ್ದ ವೇಳೆ. ಸರಪಳಿಯಲ್ಲಿ ಬಂಧಿತನಾಗಿದ್ದ ಮುಖ್ತಾರನ ಚಿತ್ರವನ್ನು ಎದೆಗೆ ಸಿಕ್ಕಿಸಿಕೊಂಡೇ ಗದ್ದಾಫಿ ವಿಮಾನದಿಂದ ಇಳಿದಿದ್ದ. ಮುಖ್ತಾರನ ವೃದ್ಧ ಪುತ್ರನೂ ಜೊತೆಯಲ್ಲಿದ್ದ. ವಸಾಹತು ಕಾಲದ ಅನ್ಯಾಯಕ್ಕೆ ಪರಿಹಾರವಾಗಿ 500 ಕೋಟಿ ಡಾಲರ್ ನೀಡುವ ಒಪ್ಪಂದಕ್ಕೆ ಇಟಲಿ ಹಿಂದಿನ ವರ್ಷವಷ್ಟೇ ಬೆಂಗಾಜಿಯಲ್ಲಿ ಸಹಿ ಹಾಕಿತ್ತು.

ಎರಡೇ ವರ್ಷಗಳ ನಂತರ, 2011ರ ಫೆಬ್ರುವರಿಯಲ್ಲಿ, ಅದೇ ಬೆಂಗಾಜಿಯಲ್ಲಿ ಗದ್ದಾಫಿಯ ವಿರುದ್ಧ ಬೀದಿಗಿಳಿದವರ ಕೈಯಲ್ಲಿ ಇದ್ದುದೂ ಮುಖ್ತಾರನ ಚಿತ್ರವೇ.

ಆತನ ಅಸ್ಥಿಗಳಿಗೂ ಒಂದೆಡೆ ನೆಲೆ ಸಿಗಲಿಲ್ಲ. ಇಟಲಿಯವರು ಗುಟ್ಟಾಗಿ ಹೂತಿದ್ದ ಅವಶೇಷಗಳನ್ನು 1960ರಲ್ಲಿ ಬೆಂಗಾಜಿ ನಗರದ ನಡುವೆ ಕಟ್ಟಿದ ಭವ್ಯ ಸಮಾಧಿಯಲ್ಲಿರಿಸಲಾಯಿತು. ಜನ ಅಲ್ಲಿ ಸೇರತೊಡಗಿದ್ದು ಗದ್ದಾಫಿಯ ಆಡಳಿತಕ್ಕೆ ಹಿಡಿಸಲಿಲ್ಲ ಎಂದು ಬೆಂಗಾಜಿಯವರು ಹೇಳುತ್ತಾರೆ. 1980ರಲ್ಲಿ ಅವನ್ನು ಅಲ್ಲಿಂದ ತೆಗೆದು ಐವತ್ತು ಕಿಲೋಮೀಟರ್ ದಕ್ಷಿಣದ ಸುಲೂಕ್‌ಗೆ, ಆತನನ್ನು ಗಲ್ಲಿಗೇರಿಸಿದ ಊರಿಗೇ ಸಾಗಿಸಲಾಯಿತು.